ಮೊದಲನೇ ಗ್ಲಾಸು

ಜೂನ್ 2, ಸೋಮವಾರ. ಬೆಳಿಗ್ಗೆ

ಮತ್ತೆ ಕನಸು. ಅಂಗಡಿಯ ಗ್ಲಾಸುಗಳಿಗೆಲ್ಲ ಯಾರೋ ಚೀಟಿ ಅಂಟಿಸುತ್ತಿದ್ದರು. ಕೋಟು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಚೀಟಿಯ ಮೇಲಿನ ಅಕ್ಷರ ದೂರದಿಂದ ಅಕ್ಷರದಂತೆಯೇ ಇತ್ತು. ಓದೋಣವೆಂದು ಬಗ್ಗಿದರೆ ಇರುವೆಗಳ ಹಾಗೆ ಚೆದುರಿಹೋಯಿತು. "ಏನ್ರೀ ಇದು?" ಎಂದೆ. "ಬಾಕಿ" ಎಂದರು. ಯಾರ ಬಾಕಿ, ಯಾವ ಬಾಕಿ... ಹೇಳಲಿಲ್ಲ. ಒಂದು ಗ್ಲಾಸು ಎತ್ತಿ ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟು ಬಿರುಕು. ಇನ್ನೊಂದು ಎತ್ತಿದೆ. ಅದರಲ್ಲೂ.

ಎದ್ದಾಗ ಕುತ್ತಿಗೆಯೆಲ್ಲ ಬೆವರು. ಚೂಟಿ ಆಗಲೇ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.

"ಇವತ್ತು ಯಾರ್ ಬಂದಿದ್ರು ದೊಡ್ಡಮ್ಮ?"

"ಟ್ಯಾಕ್ಸ್‌ನೋರು."

"ಹೋದ್ ವಾರ ಲಿಫ್ಟ್‌ನೋರು, ಈ ವಾರ ಟ್ಯಾಕ್ಸ್‌ನೋರು. ನಿನ್ನ ಕನಸಿಗೆ ಒಂದಿನಾನೂ ರಜಾ ಇಲ್ವಲ್ಲ!"

ತಂಗಿಯ ಮಗಳು. ಹೆಸರಿಗೆ ನನ್ನ ಮನೆಯಲ್ಲಿದ್ದಾಳೆ, ಇರುವುದೆಲ್ಲ ಪಾರ್ಸೆಲ್ ಗೋದಾಮಿನಲ್ಲಿ. ಡಬ್ಬಗಳನ್ನು ವಿಳಾಸ ನೋಡಿ ವಿಂಗಡಿಸುವ ಕೆಲಸ. ಅವಳ ಪಾಳಿಗೆ ಹೊಸ ಲೀಡರ್ ಬೇಕಂತೆ. ಇಬ್ಬರ ಹೆಸರು ಓಡಾಡುತ್ತಿದೆ, ಒಂದು ಇವಳದು. ಸಿಗದಿದ್ದರೂ ಚಿಂತೆ, ಸಿಕ್ಕರೂ ಚಿಂತೆ. ಅವಳಿಗಲ್ಲ — ನನಗೆ.

ಕನಸು ಎಲ್ಲಿಂದ ಬಂತೆಂದು ಗೊತ್ತು. ನಾನು ಕೆಲಸಕ್ಕಿರುವ ಗಾಜಿನ ಅಂಗಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಿದ್ದಾರಲ್ಲ, ಅವರಿಂದ. ಒಬ್ಬರು ತೆರಿಗೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಇನ್ನೊಬ್ಬಳು ಕ್ಯಾಮೆರಾ ಹುಡುಗಿ. ಹೊಸದಾಗಿ ಸಂಬಳ ಎಣಿಸುತ್ತಿರುವ ಮಕ್ಕಳಿಗೆ ಫೋನಿನಲ್ಲಿ ಪುಟ್ಟ ಪುಟ್ಟ ವಿಡಿಯೋ ಹಾಕಿ ಟ್ಯಾಕ್ಸ್ ಪಾಠ ಹೇಳುತ್ತಾರಂತೆ. ನೋಡುವವರು ಮಾತ್ರ ಇಲ್ಲವಂತೆ. ಮೊನ್ನೆ ಇಳಿದು ಬಂದು ಗ್ಲಾಸು ಕೇಳಿದರು. ನೀರು ಸುರಿದು ಏನೋ ತೋರಿಸಬೇಕಂತೆ. ಅಂಗಡಿಯ ಯಜಮಾನರು ಹಿಂದೆ ಮುಂದೆ ನೋಡದೆ "ಅದಕ್ಕೇನ್ ಸ್ವಾಮಿ, ತಗೊಂಡ್ ಹೋಗಿ" ಎಂದುಬಿಟ್ಟರು.

ಅವರು ಬೊಟ್ಟು ಮಾಡಿದ್ದು ಯಾವುದಕ್ಕೆ? ಅಂಚಿನಲ್ಲಿ ಕೊಕ್ಕಿರುವ ಉದ್ದನೆಯವಕ್ಕೆ. ಅವನ್ನು ಮಾಡುವುದೇ ನಿಂತುಹೋಗಿದೆ. ಒಡೆದರೆ ಇನ್ನೊಂದು ಬರುವುದಿಲ್ಲ.

ನಾನೇ ಮೇಲೆ ತರುತ್ತೇನೆ ಎಂದೆ. ನಾನೇ ಇಡುತ್ತೇನೆ, ನಾನೇ ಎತ್ತುತ್ತೇನೆ. ಬೇರೆಯವರು ಕೈ ಹಚ್ಚುವಂತಿಲ್ಲ.

ಜೂನ್ 3, ಮಂಗಳವಾರ

ಹೋಗಿ ಬಂದೆ. ಮೂರೂ ಗ್ಲಾಸು ಕ್ಷೇಮ.

ಕೋಣೆಯಲ್ಲಿ ಒಂದು ಮೇಜು, ಹಿಂದೆ ಬಿಳಿ ಬಟ್ಟೆ, ಮೂರು ಕಾಲಿನ ಮೇಲೆ ನಿಲ್ಲಿಸಿದ ಫೋನು. ಇಷ್ಟೇನಾ ಎನ್ನಿಸಿತು. "ನಿಮ್ಮ ಕೈ ಮಾತ್ರ ಬರುತ್ತೆ ಅಕ್ಕ, ಮುಖ ಬರಲ್ಲ, ಹೆದರ್ಬೇಡಿ" ಎಂದಳು ಹುಡುಗಿ. ಹೆದರಿಕೆ ಮುಖಕ್ಕಲ್ಲ, ಗ್ಲಾಸಿಗೆ.

ಮೇಷ್ಟ್ರು ಶುರು ಮಾಡಿದರು. ಸಂಬಳದ ಚೀಟಿಯಲ್ಲಿ ಕಡಿತ ಏಕಿರುತ್ತದೆ ಎಂದು. ದನಿ ಒಳ್ಳೆಯದು. ಆದರೆ ವಾಕ್ಯ ಶುರುವಾದದ್ದು ಎಲ್ಲಿ, ಮುಗಿಯುವುದು ಎಲ್ಲಿ... ನಾನು ಏಳನೇ ಕ್ಲಾಸಿಗೆ ಎರಡು ಸಲ ಸೇರಿ ಎರಡು ಸಲ ಬಿಟ್ಟವಳು. ಶೇಕಡಾ ಲೆಕ್ಕ ನಡೆದ ವಾರ ಎರಡು ಸಲವೂ ಶಾಲೆಯಲ್ಲಿರಲಿಲ್ಲ. ಮೊದಲ ಸಲ ಅಮ್ಮನ ಬಾಣಂತನ, ಎರಡನೇ ಸಲ ಅಪ್ಪನ ಕಾಲು. ಕೇಳಿ ಕೇಳಿ ತಡೆಯಲಾಗದೆ ಬಾಯಿ ತಾನಾಗಿಯೇ ತೆರೆಯಿತು.

"ಅಕಸ್ಮಾತ್ ಫಾರಂ ತಪ್ಪು ತುಂಬಿದ್ರೆ... ಮನೆಗೆ ಬರ್ತಾರಾ?"

ಮೇಷ್ಟ್ರು ನಿಂತರು. "ಯಾರು?"

"ಅವರೇ. ಕೋಟ್ ಹಾಕ್ಕೊಂಡು."

"ಇಲ್ಲಮ್ಮ. ಮೊದ್ಲು ಒಂದು ಪತ್ರ ಬರುತ್ತೆ. ತಪ್ಪಾಗಿದೆ, ಸರಿಮಾಡಿ ಅಂತ. ಸರಿಮಾಡಿದ್ರೆ ಆಯ್ತು."

"ಅಕಸ್ಮಾತ್ ಪತ್ರ ಪಕ್ಕದ ಮನೆಗೆ ಹೋದ್ರೆ?"

ಕ್ಯಾಮೆರಾ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಅಳಿಸಿಬಿಡಮ್ಮ ಎಂದೆ. "ಅಯ್ಯೋ ಅಕ್ಕ, ಇದನ್ನ ಅಳಿಸ್ತಾರಾ!"

ಅವಮಾನವಾಯಿತು. ಆದರೂ ಒಂದು ವಿಷಯ ತಿಳಿಯಿತು. ಮೊದಲು ಪತ್ರ ಬರುತ್ತದೆ. ಇದನ್ನು ಯಾರೂ ಯಾಕೆ ಇಷ್ಟು ದಿನ ಹೇಳಿರಲಿಲ್ಲ?

ಜೂನ್ 5, ಗುರುವಾರ

ಹುಡುಗಿ ಮೆಟ್ಟಿಲು ದಡದಡ ಇಳಿದು ಬಂದಳು. ಏನೋ ಒಡೆಯಿತೆಂದೇ ಎದ್ದು ನಿಂತೆ. ಒಡೆದಿರಲಿಲ್ಲ. ಜನ ನೋಡಿದ್ದಾರಂತೆ. ಸಿಕ್ಕಾಪಟ್ಟೆ.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಕಾಮೆಂಟುಗಳನ್ನು ಬೆರಳಿಟ್ಟು ಓದಿದೆ. ಎಂಥೆಂಥ ಪ್ರಶ್ನೆಗಳು! ಹೋಟೆಲಲ್ಲಿ ಕೊಟ್ಟ ಟಿಪ್ಸ್‌ಗೂ ಟ್ಯಾಕ್ಸ್ ಇದೆಯಾ. ತಾತ ಕೊಟ್ಟ ಸೈಕಲ್ಲಿಗೆ? ಎರಡು ಕಡೆ ಕೆಲಸ ಮಾಡಿದರೆ ಎರಡು ಫಾರಮ್ಮಾ. ಒಬ್ಬ ಹುಡುಗ ಬರೆದಿದ್ದ — ಕೇಳಬೇಕು ಅಂತ ಅಂದ್ಕೊಂಡು ಮೂರು ವರ್ಷದಿಂದ ನಾಚ್ಕೊಂಡು ಕೂತಿದ್ದೆ, ಥ್ಯಾಂಕ್ಸ್ ಅಕಸ್ಮಾತ್ ಅಕ್ಕ.

ಹೌದು. ನನಗೆ ಅದೇ ಹೆಸರು ಬಿದ್ದಿದೆ. ಅಕಸ್ಮಾತ್ ಅಕ್ಕ.

ಚೂಟಿಗೆ ಹೇಳಿದರೆ ಅವಳಿಗೆ ಮೊದಲೇ ಗೊತ್ತು. "ಗೋದಾಮಲ್ಲೆಲ್ಲ ಅದೇ ಮಾತು. ನಮ್ಮ ದೊಡ್ಡಮ್ಮ ಅಂದೆ, ಯಾರೂ ನಂಬ್ಲಿಲ್ಲ. ಬೆರಳಿನ ಸುಟ್ಟ ಕಲೆ ಹೇಳಿದ್ಮೇಲೆ ನಂಬಿದ್ರು." ಹೇಳುವಾಗ ಅವಳ ಮುಖ ನೋಡಬೇಕಿತ್ತು. ನನ್ನ ಬಗ್ಗೆ ಅವಳಿಗೆ ಹೆಮ್ಮೆ! ನಾನು ಒಲೆಯ ಕಡೆ ತಿರುಗಿಕೊಂಡೆ.

ಮೇಷ್ಟ್ರು ಮಾತ್ರ ವಿಡಿಯೋ ನೋಡುವುದೇ ಇಲ್ಲವಂತೆ. "ನನ್ನ ದನಿ ನನಗೇ ಕೇಳಕ್ಕಾಗಲ್ಲಮ್ಮ, ಮೈಯೆಲ್ಲ ಹಿಡಿಯಾಗುತ್ತೆ." ನನಗಿಂತ ನಾಚಿಕೆಯ ಮನುಷ್ಯ.

ಜೂನ್ 8, ಭಾನುವಾರ

ಈಗ ಹೊಸ ಚಟ. ರಸ್ತೆಯಲ್ಲಿ ಹೋಗುವಾಗ ಎಲ್ಲವನ್ನೂ ನೋಡುವುದು, ಇದು ಟ್ಯಾಕ್ಸಿನದಾ, ಇದಲ್ಲವಾ ಎಂದು. ದೀಪದ ಕಂಬ — ಹೌದು. ಚರಂಡಿಯ ಮುಚ್ಚಳ — ಹೌದು. ಬೇಕರಿಯ ಬೋರ್ಡು — ಅಲ್ಲ. ಲೈಬ್ರರಿಯ ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ, ಮಂಡಿ ನೋವಿನ ದಿನ ನಾನು ಹಿಡಿದುಕೊಂಡು ಹತ್ತುವುದು — ಅದೂನಾ? ಮೇಷ್ಟ್ರನ್ನು ಕೇಳಬೇಕು. ಸಾಬೂನು ಕೊಳ್ಳುವಾಗಲೂ ಟ್ಯಾಕ್ಸ್ ಕಟ್ಟುತ್ತೇವೆ ಎಂದಿದ್ದರು. ಹಾಗಾದರೆ ಆ ಕಂಬಿಯಲ್ಲಿ ನನ್ನ ಸಾಬೂನಿನದೂ ಒಂದು ಚೂರು ಇರಬೇಕು. ಒಂದು ಬೆರಳಿನಷ್ಟು. ಹಿಡಿದು ನಿಂತೆ. ಹಿಂದಿನಿಂದ ಯಾರೋ "ಅಮ್ಮಾ, ಹುಷಾರಿದ್ದೀರಾ?" ಎಂದರು.

ಸಂಜೆ ಚೂಟಿ ಬಾಗಿಲಲ್ಲೇ ನಿಂತು ಕೂಗಿದಳು. "ಸಿಕ್ತು!"

ಲೀಡರ್ ಕೆಲಸ. ಸಂಬಳ ಜಾಸ್ತಿ. ಇನ್ನು ಡಬ್ಬ ಎತ್ತುವ ಹಾಗಿಲ್ಲ. ಅವಳ ಬೆನ್ನು ಎಷ್ಟು ನೋಯುತ್ತದೆಂದು ಹೇಳುವುದಿಲ್ಲ, ಮಲಗುವಾಗ ಗೋಡೆಗೆ ಒತ್ತಿಕೊಂಡು ಮಲಗುವುದನ್ನು ನೋಡಿದ್ದೇನೆ. 26ನೇ ತಾರೀಕಿಗೆ ಸಹಿ ಹಾಕಬೇಕಂತೆ. ಅಷ್ಟು ದಿನ ಯಾಕೆ? ಅಕಸ್ಮಾತ್ ಅಷ್ಟರಲ್ಲಿ ಮನಸ್ಸು ಬದಲಾಯಿಸಿದರೆ?

"ಅವರು ಬದ್ಲಾಯಿಸಲ್ಲ ದೊಡ್ಡಮ್ಮ. ನೀನು ಊಟ ಮಾಡು."

ಜೂನ್ 12, ಗುರುವಾರ

ಇವತ್ತಿನದು ನೀರಿನ ಪಾಠ. ಗ್ಲಾಸು ಕೇಳಿದ್ದೇ ಇದಕ್ಕೆ.

ಮೇಷ್ಟ್ರು ಮೂರನ್ನೂ ಮೆಟ್ಟಿಲಿನಂತೆ ಇಡಿಸಿದರು. ಮೊದಲನೆಯದು ಎತ್ತರದ ಡಬ್ಬದ ಮೇಲೆ, ಅದರ ಕೆಳಗೆ ಎರಡನೆಯದು, ಇನ್ನೂ ಕೆಳಗೆ ಮೂರನೆಯದು. ಪಕ್ಕದಲ್ಲಿ ನೀಲಿ ಜಗ್, ಅದಕ್ಕೆ "ಟ್ಯಾಕ್ಸ್" ಎಂದು ಚೀಟಿ. ನೀರು ಅಂದರೆ ಸಂಪಾದನೆ. ಮೊದಲನೇ ಗ್ಲಾಸು ತುಂಬುವ ತನಕ ಟ್ಯಾಕ್ಸೇ ಇಲ್ಲ, ಅದರ ಕೊಕ್ಕೇ ಗೆರೆ. ಅದು ತುಂಬಿ ಕೊಕ್ಕಿನಿಂದ ಇಳಿದದ್ದು ಎರಡನೆಯದಕ್ಕೆ. ಎರಡನೆಯದರಿಂದ ಒಂದು ಚಮಚ ಜಗ್ಗಿಗೆ. ಅದೂ ತುಂಬಿ ಮೂರನೆಯದಕ್ಕೆ ಇಳಿದರೆ, ಅಲ್ಲಿಂದ ಎರಡು ಚಮಚ.

"ಅಕಸ್ಮಾತ್ ಗೆರೆ ದಾಟಿದ್ರೆ? ಒಂದೇ ಒಂದು ಹನಿ ದಾಟಿದ್ರೆ?"

"ಆ ಒಂದು ಹನಿಗೆ ಮಾತ್ರಮ್ಮ. ಹಿಂದಿಂದು ಹಿಂದೇನೇ ಇರುತ್ತೆ. ಮೊದಲನೇ ಗ್ಲಾಸು ಯಾವತ್ತೂ ನಿಮ್ದೇ."

ಇದು ನನಗೆ ಗೊತ್ತೇ ಇರಲಿಲ್ಲ. ಗೆರೆ ಅಂದರೆ ಬಾಗಿಲು ಎಂದುಕೊಂಡಿದ್ದೆ. ದಾಟಿದರೆ ಇಡೀ ಮನುಷ್ಯ ಆಚೆ. ಇಲ್ಲಿ ನೋಡಿದರೆ, ದಾಟಿದಷ್ಟೇ ಆಚೆ. ನೀರು ಕೊಕ್ಕಿನಿಂದ ದಾರದಂತೆ ಇಳಿಯುವಾಗ ಉಸಿರು ಬಿಗಿ ಹಿಡಿದಿದ್ದೆ. ಶೇಕಡಾ ಲೆಕ್ಕವನ್ನು ಆ ಶಾಲೆಯಲ್ಲಿ ಹೀಗೆ ನೀರು ಸುರಿದು ಹೇಳಿಕೊಟ್ಟಿದ್ದರೆ!

ಮುಗಿದ ಮೇಲೆ ನೀರೆಲ್ಲ ಜಗ್ಗಿಗೆ ಸುರಿದು, ಗ್ಲಾಸುಗಳನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿದೆ. ಅಂಗಡಿಯಲ್ಲಿ ಮಾಡುವ ಹಾಗೆಯೇ. ಸೋರುವುದಿಲ್ಲ ಎಂದು ಗಿರಾಕಿಗೆ ನೀರು ತುಂಬಿ ತೋರಿಸುವುದು, ತೋರಿಸಿದ ತಕ್ಷಣ ಖಾಲಿ ಮಾಡಿ ಒರೆಸುವುದು. ನೀರು ಕೂತರೆ ಗಾಜಿಗೆ ಬಿಳಿ ಕಲೆ ಹಿಡಿಯುತ್ತದೆ, ಆಮೇಲೆ ಏನು ಮಾಡಿದರೂ ಹೋಗದು.

ಮೂರೂ ಕ್ಷೇಮ.

ಜೂನ್ 13, ಶುಕ್ರವಾರ

ಬೆಂಕಿಯ ಹಾಗೆ ಹರಡುತ್ತಿದೆಯಂತೆ ನೀರಿನ ವಿಡಿಯೋ! ಹುಡುಗಿಯ ಮಾತು, ಕೇಳಿ ನಗು ಬಂತು. ಯಜಮಾನರು ಅಂಗಡಿಯ ಮುಂದೆಯೇ ಫೋನು ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. "ನಮ್ಮ ಅಂಗಡಿ ಗ್ಲಾಸು ಸ್ವಾಮಿ, ನೋಡಿ ಹೆಂಗ್ ಹೊಳೀತಿದೆ." ನಾನೂ ನೋಡಿದೆ. ಎಲ್ಲಾದರೂ ಬೆರಳ ಗುರುತು ಕಾಣುತ್ತದೆಯೋ ಎಂದು. ಇಲ್ಲ. ಸಮಾಧಾನ.

ಜೂನ್ 21, ಶನಿವಾರ

ಬರೆಯಲು ಆಗಿರಲಿಲ್ಲ. ಅಂಗಡಿಯಲ್ಲಿ ಜನವೋ ಜನ. ಗ್ಲಾಸು ಕೊಳ್ಳುವವರಿಗಿಂತ ನನ್ನ ಕೈ ನೋಡುವವರೇ ಹೆಚ್ಚು.

ಅದು ಒಂದು ಕಡೆ. ಇನ್ನೊಂದು ಕಡೆ ಚೂಟಿ. ಈ ವಾರವೆಲ್ಲ ಲೀಡರ್ ಮಾತೇ ಇಲ್ಲ. ಕೇಳಿದರೆ ಫೋನು, ಕೇಳಿದರೆ ಸ್ನಾನ. ಇವತ್ತು ಬಟ್ಟೆ ಮಡಿಸುತ್ತಾ ಕೇಳಿಯೇಬಿಟ್ಟೆ.

"ಬೇಡ ಅಂತ ಹೇಳ್ದೆ."

"ಏನು?"

"ಲೀಡರ್ ಕೆಲ್ಸ. ಬೇಡ ಅಂದೆ. ಮ್ಯಾನೇಜರು, ಇಪ್ಪತ್ತಾರರ ತನಕ ಯೋಚ್ನೆ ಮಾಡು ಅಂದ್ರು. ಯೋಚ್ನೆ ಮಾಡೋದೇನಿದೆ."

ಕೈಯಲ್ಲಿದ್ದ ಟವೆಲ್ಲು ಹಾಗೇ ನಿಂತಿತು. ಯಾಕೆ ಎಂದೆ. ಸುಮ್ಮನೆ ಎಂದಳು. ಯಾರಾದರೂ ಏನಾದರೂ ಅಂದರಾ? ಇಲ್ಲ. ಆ ಮ್ಯಾನೇಜರು ಸರಿಯಿಲ್ಲವಾ? "ದೊಡ್ಡಮ್ಮ, ನಿನ್ನ ತಲೇಲಿ ಎಷ್ಟ್ ಸಿನಿಮಾ ಓಡುತ್ತೆ!" ಮೈಗೆ ಹುಷಾರಿಲ್ಲವಾ? "ಹುಷಾರಾಗಿದೀನಿ. ಲೆಕ್ಕ ಹಾಕ್ದೆ. ಗಿಟ್ಟಲ್ಲ. ಅಷ್ಟೇ."

ಏನು ಲೆಕ್ಕ? ಹೇಳಲಿಲ್ಲ. ಹೇಳಿದರೆ ನನಗೆ ನೋವಾಗುತ್ತದೆ ಎನ್ನುವಂಥ ಮುಖ. ಅದೇ ಹೆದರಿಕೆ ನನಗೆ. ನೋವಾಗುವಂಥದು ಏನಿದೆ ಅದರಲ್ಲಿ?

ಜೂನ್ 23, ಸೋಮವಾರ. ಮಧ್ಯಾಹ್ನ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ಒಬ್ಬ ಹುಡುಗ ಬಂದ. ಬ್ರೆಡ್ ವ್ಯಾನ್ ಓಡಿಸುವವನು. "ಅಕ್ಕ, ನೀವೇ ಅಲ್ವಾ? ನಿಮ್ಮಿಂದ ಬಚಾವಾದೆ. ಓವರ್‌ಟೈಮ್ ಬಿಟ್ಬಿಟ್ಟೆ."

"ಯಾಕಪ್ಪ?"

"ಮತ್ತೆ? ಗೆರೆ ದಾಟಿದ್ರೆ ಇದ್ದಿದ್ದೂ ಹೋಗುತ್ತಲ್ವಾ. ಎಷ್ಟ್ ಚೆನ್ನಾಗ್ ತೋರ್ಸಿದೀರ!"

ಇಲ್ಲಪ್ಪ, ಹಾಗಲ್ಲ ಎನ್ನುವಷ್ಟರಲ್ಲಿ ವ್ಯಾನಿನ ಹಿಂದೆ ನಿಂತವರು ಹಾರ್ನ್ ಹೊಡೆದರು, ಓಡಿದ. ಯಜಮಾನರ ಫೋನು ಇಸಿದುಕೊಂಡು ನೀರಿನ ವಿಡಿಯೋ ಹಾಕಿದೆ. ಇಷ್ಟು ದಿನ ಅದರಲ್ಲಿ ಗ್ಲಾಸನ್ನು ಮಾತ್ರ ನೋಡಿದ್ದೆ. ಇವತ್ತು ವಿಡಿಯೋ ನೋಡಿದೆ.

ಮೊದಲನೇ ಗ್ಲಾಸು ತುಂಬುತ್ತದೆ. ನನ್ನ ದನಿ: ಅಕಸ್ಮಾತ್ ಗೆರೆ ದಾಟಿದ್ರೆ? ನೀರು ಕೊಕ್ಕಿನಿಂದ ಇಳಿಯುತ್ತದೆ, ಎರಡನೆಯದಕ್ಕೆ, ಮೂರನೆಯದಕ್ಕೆ. ಮೇಷ್ಟ್ರ ಉತ್ತರ ಇಲ್ಲ. ಚಮಚ ಇಲ್ಲ. ಹಾಡು ಬರುತ್ತದೆ. ಹಾಡಿನ ಮೇಲೆ ನನ್ನ ಕೈ ಬಂದು ಮೊದಲನೇ ಗ್ಲಾಸನ್ನು ಎತ್ತಿ, ಟ್ಯಾಕ್ಸ್ ಎಂದು ಚೀಟಿ ಅಂಟಿಸಿದ ಜಗ್ಗಿಗೆ ಪೂರ್ತಿ ಸುರಿಯುತ್ತದೆ. ಎರಡನೆಯದು. ಮೂರನೆಯದು. ಆಮೇಲೆ ಬಟ್ಟೆ ತೆಗೆದುಕೊಂಡು ಒರೆಸುತ್ತೇನೆ. ಒಂದು ಹನಿಯೂ ಉಳಿಯದ ಹಾಗೆ. ಬೆಳಕಿಗೆ ಹಿಡಿದು, ಖಾಲಿಯಾಗಿದೆ ಎಂದು ಜಗತ್ತಿಗೆಲ್ಲ ತೋರಿಸುತ್ತೇನೆ.

ಚೂಟಿ.

ಅದೇ ದಿನ, ಸಂಜೆ

ಕೇಳಿದೆ. ಹೌದಂತೆ.

"ನೀನೇ ತೋರ್ಸಿದ್ದು ದೊಡ್ಡಮ್ಮ. ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ನಿನ್ನ ಕೈ ನೋಡಿ ನಂಬ್ದೆ."

ಅದು ತಪ್ಪು ವಿಡಿಯೋ, ಮೊದಲನೇ ಗ್ಲಾಸನ್ನು ಯಾರೂ ಮುಟ್ಟುವುದಿಲ್ಲ, ನಾನು ಒರೆಸಿದ್ದು ಕಲೆ ಹಿಡಿಯುತ್ತದೆಂದು... ಒಂದೇ ಉಸಿರಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅವತ್ತು ತೋರ್ಸಿದ್ದು ತಪ್ಪು, ಇವತ್ತು ಹೇಳೋದು ಸರಿನಾ? ನಾನು ಬೇಡ ಅಂದಿದ್ದಕ್ಕೆ ಈಗ ಹೊಸ ಕಥೆ ಕಟ್ತಿದೀಯ."

"ದೇವರಾಣೆಗೂ ಇಲ್ವೇ."

"ಸರಿ, ನೂರಕ್ಕೆ ಐದು ಅಂದ್ರೆ ನನ್ನ ಹೊಸ ಸಂಬಳದಲ್ಲಿ ಎಷ್ಟಾಗುತ್ತೆ? ಹೇಳು ನೋಡೋಣ."

ಎರಡು ಸಲವೂ ತಪ್ಪಿಹೋದ ಆ ವಾರ ಈಗ ಬಂದು ಎದುರಿಗೆ ಕೂತಿತು. ಚೂಟಿಗೆ ಪಾಪ ಅನ್ನಿಸಿರಬೇಕು, "ಬಿಡು, ಚಹಾ ಮಾಡ್ತೀನಿ" ಎಂದಳು. ಬಗ್ಗಿ ಪಾತ್ರೆ ತೆಗೆಯುವಾಗ ಬೆನ್ನಿಗೆ ಕೈ ಕೊಟ್ಟುಕೊಂಡಳು. ನಾನು ನೋಡಲಿಲ್ಲ ಎಂದುಕೊಂಡಿದ್ದಾಳೆ.

ಜೂನ್ 24, ಮಂಗಳವಾರ

ಅಂಗಡಿ ತೆರೆಯುವ ಮೊದಲೇ ಮೇಲೆ ಹೋದೆ. ಮೇಷ್ಟ್ರಿಗೆ ಕೂತು ನೋಡಿ ಎಂದೆ. ಬೇಡಮ್ಮ ಎಂದರು. ನೋಡಲೇಬೇಕು ಎಂದೆ. ನಾನು ಯಾರಿಗೂ ಹಾಗೆ ಹೇಳಿದವಳಲ್ಲ.

ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮತ್ತೆ ನೋಡಿದರು. "ಇಡೀ ಸರ್ವಿಸ್‌ನಲ್ಲಿ ಇದೊಂದು ತಪ್ಪನ್ನ ಜನರ ತಲೆಯಿಂದ ತೆಗೀಬೇಕು ಅಂತ ಒದ್ದಾಡಿದ್ದೆ. ನಾನೇ ತುಂಬಿದ್ನಲ್ಲಮ್ಮ."

ಕ್ಯಾಮೆರಾ ಹುಡುಗಿಯ ಮುಖ ಬಿಳಿಚಿಕೊಂಡಿತು. "ಮೇಷ್ಟ್ರ ಮಾತು ಉದ್ದ ಆಯ್ತು ಅಂತ ನಾನೇ ತೆಗ್ದೆ. ಅಕ್ಕ ಸುರಿಯೋ ಸದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ... ಅದು ಏನ್ ಹೇಳುತ್ತೆ ಅಂತ ಯೋಚ್ನೆನೇ ಮಾಡ್ಲಿಲ್ಲ."

ಅಳಿಸಿಬಿಡೋಣ ಎಂದೆ. ಅಲ್ಲಿಯೇ ಅಳಿಸಿದಳು. ಆದರೆ ಎಷ್ಟೋ ಜನ ತಮ್ಮ ತಮ್ಮ ಕಡೆ ಹಾಕಿಕೊಂಡಿದ್ದಾರಂತೆ. ಅವರ ಫೋನಿನಿಂದ, ತಲೆಯಿಂದ ಅಳಿಸುವುದು ಹೇಗೆ? ಮೇಷ್ಟ್ರು ಕಾಗದ ತೆಗೆದು ಕ್ಷಮಾಪಣೆ ಬರೆಯತೊಡಗಿದರು. ಒಂದು ಹಾಳೆ ಆಯಿತು, ಇನ್ನೊಂದು ಹಾಳೆ. ಹುಡುಗಿ ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದಳು. ಯಾರು ಕೇಳುತ್ತಾರೆ ಅಷ್ಟು ಉದ್ದ.

ನನಗೆ ಒಂದು ಹೊಳೆಯಿತು. ಹೇಳಲೋ ಬೇಡವೋ ಎಂದು ಸೆರಗಿನ ತುದಿ ಸುತ್ತಿಕೊಂಡು ನಿಂತಿದ್ದೆ.

"ಹೇಳಿ ಅಕ್ಕ. ಅಕಸ್ಮಾತ್ ಅಂತೀರಲ್ಲ, ಹೇಳಿ."

"ಅಕಸ್ಮಾತ್... ಅದೇ ತಪ್ಪನ್ನ ಮತ್ತೆ ಮಾಡಿದ್ರೆ? ಮೊದಲನೇ ಗ್ಲಾಸು ಎತ್ತೋಕೆ ನನ್ನ ಕೈ ಹೋಗುತ್ತೆ. ಅದೇ ಹಾಡು. ಎಲ್ರೂ ಅದೇ ಅಂದ್ಕೋತಾರೆ. ಆವಾಗ ಇನ್ನೊಂದು ಕೈ ಬಂದು ನನ್ನ ಕೈ ಹಿಡ್ಕೊಂಡ್ರೆ?"

ಹುಡುಗಿ ಎದ್ದು ನಿಂತಳು. ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಯಾರ ಕೈ?" ಎಂದರು.

ಯಾರ ಕೈಯೆಂದು ನನಗೆ ಗೊತ್ತಿತ್ತು. ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ.

ಜೂನ್ 25, ಬುಧವಾರ

ಬಂದಳು. ಪಾಳಿ ಮುಗಿಸಿ, ಮುಖ ಗಂಟು ಹಾಕಿಕೊಂಡು. "ಹತ್ತೇ ನಿಮಿಷ. ಗ್ಲಾಸ್ ಮುಟ್ಟೋಕೆ ನಂಗೆ ಪರ್ಮಿಷನ್ ಇದೆಯಾ, ಇಲ್ವಾ?" ಮುಟ್ಟು ಎಂದೆ. ಬಾಯಿಂದ ಬಂದುಬಿಟ್ಟಿತು.

ಮೇಷ್ಟ್ರು ಪಾಠ ಹೇಳಲಿಲ್ಲ. ನೀರಿನ ಚೆಂಬನ್ನು ಅವಳ ಕೈಗೆ ಕೊಟ್ಟರು, ಅಷ್ಟೇ. "ಈಗಿನ ಸಂಬಳ ಸುರೀರಿ." ಸುರಿದಳು. ಮೊದಲನೇ ಗ್ಲಾಸು ಕೊಕ್ಕಿನ ತನಕ ಬಂದು ನಿಂತಿತು. "ಈಗ ಲೀಡರ್ ಕೆಲಸದ ಜಾಸ್ತಿ ಸಂಬಳ." ಸುರಿದಳು. ದಾರದಂತೆ ಎರಡನೆಯದಕ್ಕೆ ಇಳಿಯಿತು, ಕಾಲುಭಾಗದಷ್ಟು. "ಚಮಚ ತಗೊಳ್ಳಿ. ಎರಡನೇದ್ರಿಂದ ಒಂದು. ಜಗ್ಗಿಗೆ ಹಾಕಿ."

ಹಾಕಿದಳು. ಚೆಂಬು ಹಿಡಿದುಕೊಂಡೇ ಬಗ್ಗಿ, ಮೊದಲನೇ ಗ್ಲಾಸಿನ ಸಮಕ್ಕೆ ಕಣ್ಣು ತಂದು ನೋಡಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಪಾರ್ಸೆಲ್ ಡಬ್ಬ ಒತ್ತಿಹೋಗಿದೆಯಾ ಎಂದು ನೋಡುವ ಹಾಗೆ.

"ಇದನ್ನ ಯಾರೂ ಮುಟ್ಟಲ್ವಾ?"

"ನಿಮ್ಮ ದೊಡ್ಡಮ್ಮನ್ನ ಬಿಟ್ರೆ ಯಾರೂ ಮುಟ್ಟಲ್ಲ" ಎಂದರು ಮೇಷ್ಟ್ರು.

ಮೊದಲು ನಕ್ಕಿದ್ದು ಚೂಟಿ. ಆಮೇಲೆ ಎಲ್ಲರೂ. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆದರೂ ಬಿಡಲಿಲ್ಲ ಅವಳು. ನನ್ನ ತಂಗಿಯ ಮಗಳು ತಾನೆ. "ಜಾಸ್ತಿ ಸಂಬಳ ಆದ್ರೆ ನಮ್ಮ ಬಸ್ ಪಾಸ್ ಹೋಗುತ್ತಾ?" ಎಂದು ಕೇಳಿದಳು. ಮೇಷ್ಟ್ರು ಯೋಚಿಸಿದರು. "ಅದು ಟ್ಯಾಕ್ಸ್ ಅಲ್ಲಮ್ಮ, ನಿಮ್ಮ ಗೋದಾಮಿನ ನಿಯಮ. ನಂಗೆ ಗೊತ್ತಿಲ್ಲ. ಸಹಿ ಹಾಕೋ ಮುಂಚೆ ಮ್ಯಾನೇಜರ್‌ನ ಕೇಳಿ." ಗೊತ್ತಿಲ್ಲ ಎಂದರಲ್ಲ, ಅದಕ್ಕೇ ಚೂಟಿಗೆ ಅವರ ಮೇಲೆ ನಂಬಿಕೆ ಬಂದಿರಬೇಕು. ಅಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿದಳು. ಪಾಸು ಎಲ್ಲರಿಗೂ ಇದೆಯಂತೆ.

ಆಮೇಲೆ ವಿಡಿಯೋ. ಹಾಡು ಬಂತು. ನನ್ನ ಕೈ ಮೊದಲನೇ ಗ್ಲಾಸಿನ ಕಡೆ ಹೋಯಿತು. ಚೂಟಿ ಮಣಿಕಟ್ಟು ಹಿಡಿದಳು. "ದೊಡ್ಡಮ್ಮ! ಅದು ನಂದು." ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಚಮಚದ ಭಾಗವನ್ನೂ ಇಟ್ಟುಕೊಂಡಿದ್ದಾಳೆ ಹುಡುಗಿ. ಮೇಷ್ಟ್ರ ಮಾತನ್ನೂ. ಉದ್ದವಾದರೆ ಆಗಲಿ ಎಂದಳು.

ಮುಗಿಯಿತು ಎಂದ ತಕ್ಷಣ ಕೈ ತಾನಾಗಿಯೇ ಬಟ್ಟೆಗೆ ಹೋಯಿತು. ಚೂಟಿ ಮತ್ತೆ ಹಿಡಿದಳು. ಈ ಸಲ ಕ್ಯಾಮೆರಾ ಇರಲಿಲ್ಲ. "ಇರ್ಲಿ ಬಿಡು. ಒಂದಿನ ನೀರು ಇದ್ರೆ ಏನಾಗುತ್ತೆ?"

ಬಿಳಿ ಕಲೆ ಹಿಡಿಯುತ್ತದೆ, ಹೋಗುವುದಿಲ್ಲ, ಈ ಗ್ಲಾಸು ಮತ್ತೆ ಬರುವುದಿಲ್ಲ... ಎಲ್ಲವೂ ಬಾಯಿಯ ತನಕ ಬಂತು. ಬಿಟ್ಟು ಬಂದೆ. ಮೇಜಿನ ಮೇಲೆ, ತುಂಬಿದ್ದನ್ನು, ಹಾಗೆಯೇ. ಯಜಮಾನರಿಗೆ ಏನು ಹೇಳುವುದು, ನಾಳೆ ನೋಡಿಕೊಳ್ಳೋಣ.

ಜೂನ್ 26, ಗುರುವಾರ. ಬೆಳಿಗ್ಗೆ

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ನು ಚೂಟಿ ತೆಗೆದುಕೊಂಡು ಹೋದಳು. "ಅಲ್ಲಿ ಪೆನ್ ಇರಲ್ವೇನೇ?" ಎಂದೆ. "ಇರುತ್ತೆ. ನಂಗೆ ನಿಂದೇ ಬೇಕು" ಎಂದಳು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು.

ಕನಸು ಬಿತ್ತು. ಅದೇ ಕೋಟಿನವರು ಬಂದಿದ್ದರು. ಗ್ಲಾಸಿನ ಮೇಲೆ ಚೀಟಿ ಅಂಟಿಸುತ್ತಿದ್ದರು. ಈ ಸಲ ಬಗ್ಗಿ ಓದಲು ಹೋದೆ — ಅಷ್ಟರಲ್ಲಿ ಎಚ್ಚರವಾಯಿತು. ಏನು ಬರೆದಿತ್ತೋ. ಹೆದರಿಕೆಯಾಗಲಿಲ್ಲ, ಓದಲು ಸಿಗಲಿಲ್ಲವಲ್ಲ ಎಂದು ಬೇಜಾರಾಯಿತು.

ವಿಡಿಯೋ ಇನ್ನೇನು ಹಾಕುತ್ತಾಳೆ ಹುಡುಗಿ. ಬ್ರೆಡ್ ವ್ಯಾನಿನವನು ನೋಡುತ್ತಾನೋ ಇಲ್ಲವೋ. ಯಜಮಾನರಿಗೆ ಹೇಳಿದ್ದೇನೆ, ಅವನು ಬಂದರೆ ಹಿಡಿದು ನಿಲ್ಲಿಸಿ ಎಂದು. ಮೇಷ್ಟ್ರು ಎರಡು ಸಲ ನೋಡಿದರಂತೆ, ತಮ್ಮ ದನಿಯನ್ನು ಹಲ್ಲು ಕಚ್ಚಿಕೊಂಡು ಕೇಳಿದರಂತೆ. ಸರಿಯಿದೆ ಎಂದರಂತೆ. ನಾನೂ ನೋಡಿದೆ. ಬೆರಳ ಗುರುತು ಇತ್ತು, ಚೂಟಿಯದು. ಇರಲಿ.

ಆದರೂ ಫೋನು ಮಾಡಿದೆ ಹುಡುಗಿಗೆ. ತಪ್ಪು ತಿಳಿಯಬೇಡಮ್ಮ, ಹಾಕುವ ಮೊದಲು ಇನ್ನೊಂದೇ ಒಂದು ಸಲ ನೋಡು. ಪೂರ್ತಿ ಬೇಡ, ಕೊನೆಯದು ಮಾತ್ರ. ಹಾಡು ನಿಂತ ಮೇಲೆ, ನಮ್ಮಿಬ್ಬರ ಕೈ ಆಚೆ ಹೋದ ಮೇಲೆ... ಮೊದಲನೇ ಗ್ಲಾಸಿನಲ್ಲಿ ನೀರು ಕೊಕ್ಕಿನ ತನಕ ಹಾಗೇ ಇದೆ ತಾನೆ? ಒಂದು ಚೂರೂ ಇಳಿದಿಲ್ಲವಲ್ಲ? ಇನ್ನೊಂದು ಸಲ ನೋಡಿ ಹೇಳಮ್ಮ ಎಂದೆ.